ಕಳೆದುಹೋದ ವೋಲ್ಟು ಹುಡುಕುವ ಮೀಟರಕ್ಕ

ಬೀದಿದೀಪ ಇನ್ನೂ ಆರಿಲ್ಲ. ತಗಡಿನ ಶೆಡ್ಡಿನ ಶಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗುವ ಹೆಂಗಸು ಲೈಟು ಹಾಕುವ ಮೊದಲೇ ಅಲ್ಲಿ ನಿಂತ ಬಿಳಿ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾರೆ, ಜ್ವರದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಕಾರು ಕೊರೆಯುವಷ್ಟು ತಣ್ಣಗಿದೆ. ಅವರಿಗೆ ಬೇಕಾದ್ದೂ ಅದೇ. "ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿ ಸುಳ್ಳು ಹೇಳಲ್ಲ. ಬಿಸಿಯಾದ ಮೇಲೆ ಎಲ್ಲಾ ಗಾಡಿಗಳೂ ಸಂಭಾವಿತರೇ" ಎನ್ನುತ್ತ ಕೊರಳಿಗೆ ನೇತುಹಾಕಿಕೊಂಡ, ವೋಲ್ಟು ಅಳೆಯುವ ಹಳದಿ ಮೀಟರನ್ನು ಕೈಗೆತ್ತಿಕೊಳ್ಳುತ್ತಾರೆ.

ಆ ಮೀಟರಿನಿಂದಲೇ ಅವರು ಬೀದಿಗೆಲ್ಲ ಮೀಟರಕ್ಕ. ಹೆತ್ತವರು ಇಟ್ಟ ಹೆಸರನ್ನು ಈಗ ಬ್ಯಾಂಕಿನವರು ಮಾತ್ರ ಕೂಗುತ್ತಾರೆ. ತಾನಾಗಿಯೇ ಗೇರ್ ಬದಲಿಸಿಕೊಳ್ಳುವ ಕಾರುಗಳು ಕೆಟ್ಟು ನಿಂತಾಗ, ತಪ್ಪು ಗೇರ್‌ಬಾಕ್ಸಿನದ್ದೋ ಅದಕ್ಕೆ ಹೋಗುವ ಕರೆಂಟಿನದ್ದೋ ಎಂದು ಪತ್ತೆ ಹಚ್ಚುವುದು ಅವರ ಕಸುಬು. ಇಂಥ ಕಾರಿನಲ್ಲಿ ಯಾವಾಗ ಯಾವ ಗೇರ್ ಎಂದು ನಿರ್ಧರಿಸಲು ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದಕ್ಕೆ ಬರುವ ವೋಲ್ಟೇಜು ಕುಸಿದರೆ ಅದಕ್ಕೆ ದಿಕ್ಕೇ ತೋಚುವುದಿಲ್ಲ. ಗಾಡಿ ಜಗ್ಗುತ್ತದೆ, ಕೊನೆಗೆ ಒಂದೇ ಗೇರಿಗೆ ಅಂಟಿಕೊಂಡು ಹಟ ಹಿಡಿಯುತ್ತದೆ. ಮಾಲೀಕರು ಗೇರ್‌ಬಾಕ್ಸೇ ಹೋಯಿತೆಂದು ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ.

"ಮನೆ ಮೇಲೆ ಟ್ಯಾಂಕ್ ತುಂಬಿರುತ್ತೆ, ಪೈಪಲ್ಲಿ ಕಸ ಕಟ್ಟಿರುತ್ತೆ. ಒಂದು ನಲ್ಲಿ ಬಿಟ್ರೆ ನೀರು ಬರುತ್ತೆ, ನಾಲ್ಕೂ ಬಿಟ್ರೆ ನಾಲ್ಕರಲ್ಲೂ ತೊಟ್ಟಿಕ್ಕುತ್ತೆ. ಬ್ಯಾಟರಿ ಹನ್ನೆರಡೂವರೆ ವೋಲ್ಟು ತೋರಿಸ್ತು ಅಂತ ನಂಬಿಬಿಟ್ರೆ ಕೆಟ್ಟೆವು. ಕೆಲಸ ಮಾಡುವಾಗ ಎಷ್ಟು ಉಳಿಯುತ್ತೆ, ಅದನ್ನ ನೋಡ್ಬೇಕು" ಎಂದು ಅವರು ವಿವರಿಸುತ್ತಾರೆ.

ದಿನಕ್ಕೆ ಎರಡೋ ಮೂರೋ ಗಾಡಿ. ಬಗ್ಗಿ ಬಗ್ಗಿ ಕುತ್ತಿಗೆ ಹಿಡಿದುಕೊಂಡಿದೆ, ಮಂಡಿ ಮಾತು ಕೇಳುವುದಿಲ್ಲ. ಹೊಸದಾಗಿ ಬಂದವರು ಇವರ ತಲೆಯ ಮೇಲಿಂದ ಒಳಗೆ ಇಣುಕಿ ಮೆಕ್ಯಾನಿಕ್ ಎಲ್ಲಿ ಎಂದು ಕೇಳುತ್ತಾರೆ. ದೋಷ ಸಿಕ್ಕ ಮೇಲೂ ಹೆಚ್ಚೇನೂ ಸುಖವಿಲ್ಲ. ಕಿರುಬೆರಳಷ್ಟು ತಂತಿ ತೋರಿಸಿ ಕಾರಣ ಇದೇ ಎಂದರೆ, ಇಷ್ಟು ದೊಡ್ಡ ಕಾರಿಗೆ ಇಷ್ಟು ಸಣ್ಣ ರೋಗವೇ ಎಂದು ಕೆಲವರ ಮುಖ ಬಾಡುತ್ತದೆ. ಅದಕ್ಕೆಲ್ಲ ನಕ್ಕು ಸುಮ್ಮನಾಗುವುದನ್ನು ಅವರು ಎಂದೋ ಕಲಿತಿದ್ದಾರೆ. ನಕ್ಕು ಮರೆಯಲಾಗದ್ದು ಒಂದಿದೆ, ಅದು ಇದೇ ಬೀದಿಯ ಆ ತುದಿಯಲ್ಲಿದೆ.

ಅಲ್ಲಿರುವುದು ಅವರ ಅಣ್ಣನ ಶೆಡ್ಡು. ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವುದರಲ್ಲಿ ಅಣ್ಣನದು ಎತ್ತಿದ ಕೈ. ಓಡುವ ಗಾಡಿಗೆ ಕಿವಿಗೊಟ್ಟೇ ಒಳಗೇನು ಸವೆದಿದೆ ಎಂದು ಹೇಳಬಲ್ಲವರು. ತಂಗಿಯನ್ನು ಈ ಕಸುಬಿಗೆ ತಂದವರೂ ಅವರೇ. ಮನೆಯ ಹೊಲಿಗೆ ಯಂತ್ರದ ಮೋಟರನ್ನು ಬಿಚ್ಚಿ ಹರವಿಕೊಂಡು ಕೂತಿದ್ದ ತಂಗಿಯನ್ನು ಕಂಡು, ಎಲ್ಲರೂ ಬೈಯುತ್ತಿದ್ದಾಗ ಅಣ್ಣ ಮಾತ್ರ ಮಾರನೆಯ ದಿನ ಒಂದು ಮೀಟರ್ ತಂದುಕೊಟ್ಟರು. "ನೀನು ಕರೆಂಟ್ ನೋಡ್ಕೋ, ನಾನು ಕಬ್ಬಿಣ ನೋಡ್ಕೋತೀನಿ" ಎಂದರು. ವರ್ಷಗಟ್ಟಲೆ ಹಾಗೆಯೇ ನಡೆಯಿತು. ಒಂದೇ ಶೆಡ್ಡು, ಅತ್ತಿಗೆ ಕಟ್ಟಿಕೊಟ್ಟ ಒಂದೇ ಡಬ್ಬಿಯ ಊಟ, ಇಬ್ಬರ ನಡುವೆ ಒಂದೇ ರೇಡಿಯೋ.

ಎಲ್ಲ ಕೆಟ್ಟದ್ದು ತಂಗಿ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ ದಿನ. ಜಗ್ಗುವ ಕಾರೊಂದು ಬಂತು. ಮಾಲೀಕರಿಗೆ ಅವಸರ. ತಂಗಿಗೆ ಕಾಯದೆ ಅಣ್ಣ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಒಂದೊಂದೇ ಭಾಗವನ್ನು ಬಟ್ಟೆಯ ಮೇಲೆ ಜೋಡಿಸಿಟ್ಟಿದ್ದರು. ಊದಿದ ಕೆನ್ನೆ ಹಿಡಿದು ಬಂದ ತಂಗಿಯ ಕಣ್ಣಿಗೆ ಬಿದ್ದದ್ದು ನೆಲದ ಮೇಲಿದ್ದ ಅರ್ತ್ ತಂತಿ, ಗೇರ್‌ಬಾಕ್ಸಿನಿಂದ ಬ್ಯಾಟರಿಗೆ ಕರೆಂಟು ಮರಳುವ ದಾರಿ. ಅದರ ಹೊದಿಕೆ ಸೀಳಿದರೆ ಒಳಗೆಲ್ಲ ಕಿಲುಬು. ನಾಲಿಗೆ ನಿಲ್ಲಲಿಲ್ಲ. ಮಾಲೀಕರು, ಅವರ ಭಾವಮೈದುನ, ಟೀ ತಂದವನು, ಎಲ್ಲರೆದುರಿಗೆ ಆಡಿಬಿಟ್ಟರು. "ಬಾಕ್ಸ್ ಬಿಚ್ಚೋದೇ ಬೇಕಿರಲಿಲ್ಲ. ತಂತಿ ಹೋಗಿದೆ, ಅಷ್ಟೇ."

"ಸುಳ್ಳೇನೂ ಹೇಳಲಿಲ್ಲ ನಾನು. ಆದ್ರೆ ಆ 'ಅಷ್ಟೇ' ಬೇಕಿತ್ತಾ?" ಎಂದು ಅವರು ಈಗ ತಮ್ಮನ್ನೇ ಕೇಳಿಕೊಳ್ಳುತ್ತಾರೆ. "ಕಿವಿಯಲ್ಲಿ ಹೇಳಬಹುದಿತ್ತು. ಸಂಜೆ ಹೇಳಬಹುದಿತ್ತು. ಅಣ್ಣನ ಮುಖ ಇಷ್ಟು ಚಿಕ್ಕದಾಯ್ತು."

ಮಾತು ಕಿವಿಯಿಂದ ಕಿವಿಗೆ ಹೋಯಿತು. ಅಣ್ಣ ಗೇರ್‌ಬಾಕ್ಸನ್ನು ಮತ್ತೆ ಜೋಡಿಸಿ ಏರಿಸಿದರು. ಹೊಸ ತಂತಿ ಬಿದ್ದ ಕೂಡಲೇ ಗಾಡಿ ಸರಿಹೋಯಿತು. ಆ ಸರಿಹೋದದ್ದೇ ಅವರಿಗೆ ಇನ್ನಷ್ಟು ಚುಚ್ಚಿತೇನೋ. ವಾರದೊಳಗೆ ಸಾಮಾನೆಲ್ಲ ತಳ್ಳುಗಾಡಿಗೆ ಹೇರಿಕೊಂಡು ಆ ತುದಿಗೆ ಹೋದರು. ರೇಡಿಯೋ ಮಾತ್ರ ಬಿಟ್ಟುಹೋದರು. ತಂಗಿ ಅದನ್ನು ಹಾಕುವುದಿಲ್ಲ, ಆದರೆ ದಿನಾ ಧೂಳು ಒರೆಸುತ್ತಾರೆ.

ಒಮ್ಮೆ ಕ್ಷಮೆ ಕೇಳಲು ಹೋಗಿದ್ದರು. ಅಣ್ಣ ಗಾಡಿಯಡಿ ಮಲಗಿದ್ದರು. ಹೊರಗೆ ಚಾಚಿದ್ದ ಕಾಲುಗಳ ಹತ್ತಿರ ನಿಂತು ಹೇಳಬೇಕಾದ್ದನ್ನೆಲ್ಲ ಹೇಳಿದರು. ಒಳಗೆ ಸ್ಪ್ಯಾನರ್ ತಿರುಗುವ ಸದ್ದು ನಿಲ್ಲಲಿಲ್ಲ. ಅತ್ತಿಗೆ ಈಗಲೂ ಬಂದು ಹೋಗುತ್ತಾರೆ, ಮಕ್ಕಳ ಸುದ್ದಿ ಹೇಳುತ್ತಾರೆ. ಅಣ್ಣ ಮಾತ್ರ ತಂಗಿ ಎದುರಾದರೆ ಬೀದಿಯ ಆಚೆ ಬದಿಗೆ ದಾಟುತ್ತಾರೆ.

ಇಂದಿನ ಬಿಳಿ ಕಾರು ಡ್ರೈವಿಂಗ್ ಕಲಿಸುವ ಟೀಚರೊಬ್ಬರದು. ಅದಕ್ಕೂ ಜಗ್ಗುವ ರೋಗ. ಹೇಳಿದ ಹೊತ್ತಿಗೆ ಅವರು ಆಕಳಿಸುತ್ತ ಬಂದು ಸೀಟಿನಲ್ಲಿ ಕೂರುತ್ತಾರೆ. ಮೀಟರಕ್ಕ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಗೇರ್‌ಬಾಕ್ಸಿನ ಮೈಗೆ ಹಿಡಿದು ಕೀ ತಿರುಗಿಸಲು ಹೇಳುತ್ತಾರೆ. ಎಂಜಿನ್ ಗುರುಗುಟ್ಟುತ್ತದೆ, ಮೀಟರ್ ಹೆಚ್ಚುಕಡಿಮೆ ಸೊನ್ನೆಯಲ್ಲೇ ನಿಲ್ಲುತ್ತದೆ. ಅಂದರೆ ಅರ್ತ್ ಚೆನ್ನಾಗಿದೆ. ಇಷ್ಟು ಹಳೆಯ ಗಾಡಿಗೆ ಅದು ಹೇಗೆ ಎಂದು ಹುಬ್ಬೇರಿಸಿ, ಟಾರ್ಚ್ ಹಿಡಿದು ಕೆಳಗೆ ಬಗ್ಗುತ್ತಾರೆ.

ಬಗ್ಗಿದವರು ತುಂಬ ಹೊತ್ತು ಏಳುವುದಿಲ್ಲ. ಅರ್ತ್ ತಂತಿಯ ಬೋಲ್ಟನ್ನು ಯಾರೋ ಉಪ್ಪುಕಾಗದದಿಂದ ಫಳಫಳ ಉಜ್ಜಿದ್ದಾರೆ. ಮೇಲೆ ತೆಳುವಾಗಿ ಗ್ರೀಸ್, ಅದನ್ನು ಹೆಬ್ಬೆರಳಿನಿಂದ ಒಂದೇ ಸುತ್ತು ತಿರುಗಿಸಿ ಸವರಿದ ಗುರುತು. ಹಾಗೆ ಸವರುವ ಹೆಬ್ಬೆರಳು ಯಾರದೆಂದು ಅವರಿಗೆ ಚೆನ್ನಾಗಿ ಗೊತ್ತು.

ಗಾಡಿಯನ್ನು ಮೊದಲು ಎಲ್ಲಿ ತೋರಿಸಿದ್ದಿರಿ ಎಂದು ಟೀಚರನ್ನು ಕೇಳುತ್ತಾರೆ. ಆ ತುದಿಯ ಗೇರ್‌ಬಾಕ್ಸಿನವರ ಹತ್ತಿರ ಎನ್ನುತ್ತಾರೆ ಟೀಚರ್. ಅವರು ಬಾಕ್ಸ್ ಬಿಚ್ಚಲು ಒಪ್ಪಲಿಲ್ಲವಂತೆ. ಕೆಳಗೇನೋ ಉಜ್ಜಿ ನೋಡಿ, ಇನ್ನೂ ಸರಿಹೋಗದ್ದು ಕಂಡು, ಮೊದಲು ಕರೆಂಟ್ ತೋರಿಸಿ, ಈ ತುದಿಗೆ ಹೋಗಿ ಎಂದರಂತೆ. ಯಾರ ಹತ್ತಿರ ಎಂದು ಹೆಸರು ಹೇಳಲಿಲ್ಲವಂತೆ.

ಮೀಟರಕ್ಕ ಮತ್ತೆ ಮೀಟರ್ ಕೈಗೆತ್ತಿಕೊಳ್ಳುತ್ತಾರೆ. ಕಡ್ಡಿ ಬ್ಯಾಟರಿಯ ಪ್ಲಸ್ಸಿನಿಂದ ಕಂಪ್ಯೂಟರಿಗೆ ಹೋಗುವ ತಂತಿಯ ಕಡೆಗೆ ಹೊರಳುತ್ತದೆ. ಈ ಸಲ ಕೀ ತಿರುಗಿಸಿದಾಗ ದಾರಿಯಲ್ಲೇ ಎರಡು ವೋಲ್ಟು ಕಳೆದುಹೋಗುತ್ತಿದೆ. ಗೇರಿನ ಕಂಪ್ಯೂಟರಿಗೆ ಹೋಗುವ ಪ್ಲಗ್ಗು ಕಳಚಿದರೆ ಒಳಗೊಂದು ಪಿನ್ನಿಗೆ ಹಸಿರು ಕಿಲುಬು, ಗಾಡಿ ತೊಳೆದ ನೀರು ಇಳಿದಿದೆ. ಆ ಪಿನ್ ಬದಲಿಸಿ, ಪ್ಲಗ್ಗನ್ನು ಒಣಗಿಸಿ ಕೂರಿಸುವಷ್ಟರಲ್ಲಿ ಬಿಸಿಲು ಶಟರಿನ ಕೆಳಗೆ ಬಂದಿರುತ್ತದೆ.

ಹೊರಗೆ ಆಗಲೇ ನಾಲ್ಕು ಜನ ಸೇರಿದ್ದಾರೆ. ಅದೇ ಬೀದಿ, ಅದೇ ಕಿವಿಗಳು. ಪಕ್ಕದ ಪಂಕ್ಚರ್ ಅಂಗಡಿಯವರಿಗೂ ಕೇಳುವಂತೆ ಅವರು ದನಿ ಏರಿಸುತ್ತಾರೆ. "ಅರ್ಧ ಕೆಲಸ ಆ ತುದಿಯವರೇ ಮಾಡಿದ್ದಾರೆ, ಮೇಡಂ. ಉಳಿದದ್ದು ಮಾತ್ರ ನಂದು. ವಾಪಸ್ ಅವರ ಹತ್ರಾನೇ ಹೋಗಿ, ಒಂದು ಸುತ್ತು ಅವರೇ ಓಡಿಸಿ ನೋಡ್ಲಿ. ಗೇರ್ ಸರಿಯಾಗಿ ಬೀಳ್ತಿದೆಯಾ ಇಲ್ವಾ ಅಂತ ಅವರ ಕಿವಿಗೆ ಗೊತ್ತಾಗುತ್ತೆ, ನನ್ನ ಮೀಟರ್‌ಗೆ ಗೊತ್ತಾಗಲ್ಲ."

ಕಾರು ಹೋಗುತ್ತದೆ. ಅವರು ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತಿರುತ್ತಾರೆ. ಸ್ವಲ್ಪ ಹೊತ್ತಿಗೆ ಅದೇ ಬಿಳಿ ಕಾರು ಮರಳಿ ಬರುತ್ತದೆ, ಸ್ಟೀರಿಂಗಿನ ಹಿಂದೆ ಅಣ್ಣನ ನರೆತ ತಲೆ. ಗಾಡಿ ಒಂದಿಷ್ಟೂ ಜಗ್ಗದೆ ಬರುತ್ತದೆ, ಶೆಡ್ಡಿನ ಮುಂದೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ತಲೆ ಈ ಕಡೆ ತಿರುಗುವುದೂ ಇಲ್ಲ.

ಮೀಟರಕ್ಕ ಒಳಗೆ ಬಂದು ಮುಂದಿನ ಗಾಡಿಯ ಬಾನೆಟ್ ಎತ್ತುತ್ತಾರೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ಮೀಟರಿನ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ತಲೆ ಎತ್ತದೆ ಹೇಳುತ್ತಾರೆ: "ಅಣ್ಣ ಮಾತಾಡಿಸ್ಲಿ ಅಂತ ಕೇಳೋ ಮುಖ ನನಗಿಲ್ಲ. ಒಂದ್ಸಲ ಇಲ್ಲಿ ಬಂದು, ಎಲ್ಲರೆದುರಿಗೆ, ಬಾಯ್ತುಂಬ ಬೈದು ಹೋಗ್ಲಿ. ನಾನು ಕೇಳಿಸ್ಕೊಂಡು ನಿಂತಿರ್ತೀನಿ."