ತೋಳಗಳ ಸಭೆಯಲ್ಲಿ ಅಡುಗೆಮನೆಯ ತೆಲುಗು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿವಮೊಗ್ಗದ ಅರಣ್ಯ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ಒಂದು ಬೆಳಿಗ್ಗೆ ಸಾಹೇಬರು ಕರೆದರು.

“ನಿಮಗೆ ತೆಲುಗು ಬರುತ್ತಂತಲ್ಲಮ್ಮ? ಆಂಧ್ರದವರ ಜೊತೆ ಮೀಟಿಂಗ್ ಇದೆ, ಬಂದು ಕೂತ್ಕೊಳ್ಳಿ.”

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು ನಾನು. ಅಮ್ಮ ಕಾಯಿಲೆ ಬಿದ್ದಾಗ ನನಗೆ ಉಣ್ಣಿಸಿ, ತಲೆ ಬಾಚಿ ಶಾಲೆಗೆ ಕಳಿಸಿದವರು ಪಕ್ಕದ ಮನೆಯ ತೆಲುಗು ಅತ್ತೆ. ನನ್ನ ತೆಲುಗೆಲ್ಲ ಅವರ ಅಡುಗೆಮನೆಯದು.

ಸಭೆ ಸೇರಿದ್ದು ನಮ್ಮ ಸಾಹೇಬರ ಉಸ್ತುವಾರಿಗೆ ಬಂದಿದ್ದ, ದೂರದ ಆಂಧ್ರ ಗಡಿಯ ತೋಳಗಳಿಗಾಗಿ. ಅವು ನಮ್ಮ ಕಡೆಯ ಕುರುಚಲು ಗುಡ್ಡದಲ್ಲಿ ಮರಿ ಹಾಕಿ, ಆ ಕಡೆ ಹೋಗಿ ಕುರಿ ಹಿಡಿಯುತ್ತಿದ್ದವು. ಸಿಟ್ಟಿಗೆದ್ದ ಅಲ್ಲಿನ ಕುರಿಗಾಹಿಗಳು ಮರಿಗಳಿರುವ ಗವಿಗೆ ಹೊಗೆ ಹಾಕುತ್ತಿದ್ದರು. ಎರಡು ರಾಜ್ಯದವರೂ ‘ಅವು ನಿಮ್ಮವು’ ಎಂದೇ ಕಾಲ ಕಳೆದಿದ್ದರು. ಆಂಧ್ರದ ಅಧಿಕಾರಿ ಉತ್ತರ ಭಾರತದ ಕಡೆಯವರು, ಅವರಿಗೂ ತೆಲುಗು ಅರೆಬರೆ. ಜೊತೆಗೆ ಒಬ್ಬ ಮುದುಕ ಕುರಿಗಾಹಿಯನ್ನು ಕರೆತಂದಿದ್ದರು.

ಮಾತಿನ ಮಧ್ಯೆ ಆ ಅಜ್ಜ ಎದ್ದು ನಿಂತರು. “ತೋಡೇಲು ಪಿಲ್ಲಲ್ನಿ ಎತ್ತುಕುಪೋಯಿಂದಿ!”

ಸಾಹೇಬರ ಮುಖ ಬಿಗಿಯಿತು. “ಪಿಳ್ಳೆ ಅಂದ್ರೆ ಮಕ್ಕಳು ತಾನೆ? ತೋಳ ಮಕ್ಕಳನ್ನ ಹೊತ್ಕೊಂಡು ಹೋಗಿದ್ಯಾ? ಹಾಗಾದ್ರೆ ಇನ್ನೇನಿದೆ, ಗುಂಡು ಹೊಡೀಬೇಕು.”

ಆಂಧ್ರದ ಅಧಿಕಾರಿಯೂ ತಲೆಯಾಡಿಸಿದರು. ಬೆಳಗಿನಿಂದ ಇಬ್ಬರೂ ಒಪ್ಪಿದ ಮೊದಲ ಮಾತು ಅದು.

ಆದರೆ ಅತ್ತೆ ನಮ್ಮನ್ನೂ ಪಿಲ್ಲಲು ಅನ್ನುತ್ತಿದ್ದರು, ಒಲೆಯ ಪಕ್ಕ ಮಲಗುವ ಬೆಕ್ಕಿನ ಮರಿಗಳನ್ನೂ ಪಿಲ್ಲಲು ಅನ್ನುತ್ತಿದ್ದರು.

“ಒಂದ್ನಿಮಿಷ ಸಾರ್,” ಎಂದು ಅಜ್ಜನ ಬಳಿ ಹೋಗಿ ತೆಲುಗಿನಲ್ಲಿ ಕೇಳಿದೆ: “ಮನುಷ್ಯರ ಮಕ್ಕಳಾ ತಾತಾ, ಕುರಿಮರಿಗಳಾ?”

ಅವರು ಬೆಚ್ಚಿಬಿದ್ದರು. “ಕುರಿಮರಿಗಳು, ತಾಯಿ! ಮಕ್ಕಳ ತಂಟೆಗೆ ಅದು ಯಾವತ್ತೂ ಬಂದಿಲ್ಲ.”

ಅದನ್ನು ಕನ್ನಡದಲ್ಲೂ, ನನ್ನ ಹರುಕು ಇಂಗ್ಲಿಷಿನಲ್ಲೂ ಹೇಳಿದೆ. ಸಾಹೇಬರು ಕುರ್ಚಿಗೆ ಒರಗಿ ಕಾಫಿ ತರಿಸಿದರು. ಆಮೇಲೆ ಮಾತು ಸಲೀಸಾಯಿತು. ಮರಿ ಹಾಕುವ ಕಾಲದಲ್ಲಿ ಎರಡೂ ಕಡೆಯ ಕಾವಲುಗಾರರು ಜೊತೆಯಾಗಿ ಗುಡ್ಡ ಸುತ್ತಬೇಕು, ಕುರಿ ಸತ್ತರೆ ಯಾವ ಕಡೆಯ ತೋಳ ಎಂದು ಕೇಳದೆ ಪರಿಹಾರ ಕೊಡಬೇಕು ಎಂದು ಒಪ್ಪಿಕೊಂಡರು. ಇನ್ನು ಹೊಗೆ ಹಾಕುವುದಿಲ್ಲವೆಂದು ಅಜ್ಜ ಮಾತು ಕೊಟ್ಟರು.

ಆ ಭಾನುವಾರ ಗಾಂಧಿ ಬಜಾರಿನಲ್ಲಿ ಒಂದು ಸೀರೆ ಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಅತ್ತೆ ಕಥೆಯೆಲ್ಲ ಕೇಳಿ ನಕ್ಕರು. “ನಾನೇನು ಕಲಿಸಿದೆ ಮಾರಾಯ್ತಿ, ಊಟಕ್ಕೆ ಕರೀತಿದ್ದೆ ಅಷ್ಟೆ.” ಸೀರೆಯನ್ನು ಅವರ ಕೈಗಿಟ್ಟು ಕಾಲಿಗೆ ನಮಸ್ಕರಿಸಿದೆ.

ಮರುವರ್ಷ ಗಡಿಯಿಂದ ಬಂದ ಕಾವಲುಗಾರರೊಬ್ಬರು, ಆಂಧ್ರದವರ ಜೊತೆ ಬಂಡೆಯ ಮರೆಯಲ್ಲಿ ಕೂತು ತೋಳದ ಮರಿಗಳು ಆಡುವುದನ್ನು ನೋಡಿದೆವು ಎಂದರು. ಆಂಧ್ರದವರು ತಂದ ಬುತ್ತಿಯನ್ನೇ ಎಲ್ಲರೂ ಹಂಚಿಕೊಂಡು ತಿಂದರಂತೆ.