ಟೇಪು ಸವೆದ ಜಾಗ

ಪೆನ್ನಾಗರಂ ಬಸ್‌ಸ್ಟ್ಯಾಂಡಿನ ಎದುರು, ಟೀ ಅಂಗಡಿಗೆ ಅಂಟಿಕೊಂಡಿರುವ ಸಣ್ಣ ಸ್ಟುಡಿಯೋದಲ್ಲಿ ರಾಧಾ ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಾಳೆ. ಗಂಡ ಪ್ರಭಾಕರ್ ಮದುವೆ ಮನೆಗಳಲ್ಲಿ ಫೋಟೋ ತೆಗೆಯುತ್ತಾನೆ, ಎಡಿಟಿಂಗ್ ಪೂರ್ತಿ ಇವಳದು. ಮಾರಂಡಹಳ್ಳಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಅವನ ಪಕ್ಕ ಕೂತು ನೋಡುತ್ತಲೇ ಕಲಿತಿದ್ದಳು. ಮನೆಯಲ್ಲಿ ಕನ್ನಡ, ಗಿರಾಕಿಗಳ ಹತ್ತಿರ ಹೆಚ್ಚಾಗಿ ತಮಿಳು.

ಕ್ಯಾಸೆಟ್ಟಿನ ಕೆಲಸವೆಂದರೆ ಅವಳಿಗೆ ಹೇಸಿಗೆ. ಜನ ಅವನ್ನು ರಾಗಿ ಮೂಟೆಯ ಹಿಂದೆಯೋ ಅಟ್ಟದ ಮೇಲೋ ಎಸೆದು ಮರೆತಿರುತ್ತಾರೆ. ಮುಚ್ಚಳ ತೆಗೆದರೆ ಬಿಳಿ ಬೂಷ್ಟು, ಜಿರಳೆ ಹಿಕ್ಕೆ, ಇಲಿ ಉಚ್ಚೆಯ ನಾತ. ಒಮ್ಮೆ ಒಂದು ಡಬ್ಬಿಯೊಳಗೆ ಸತ್ತು ಒಣಗಿದ ಹಲ್ಲಿ ಸಿಕ್ಕಿ, ಅವತ್ತು ಮಧ್ಯಾಹ್ನ ಅವಳಿಗೆ ಊಟ ಸೇರಿರಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು, ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆಯುತ್ತಾಳೆ.

ಕಳೆದ ವರ್ಷ ಚಿನ್ನರಾಜ್ ಬಂದ. ಹೊಗೇನಕಲ್ ರಸ್ತೆಯಲ್ಲಿ ಕಲ್ಯಾಣ ಮಂಟಪ ಕಟ್ಟಿಸುತ್ತಿರುವವನು. ಅಪ್ಪನಿಗೆ ಎಪ್ಪತ್ತು ತುಂಬುವ ಸಮಾರಂಭದಲ್ಲಿ ದೊಡ್ಡ ಪರದೆಯ ಮೇಲೆ ಹಳೆಯದನ್ನೆಲ್ಲ ತೋರಿಸಬೇಕೆಂದು ಅವನ ಆಸೆ. ತನ್ನ ಅಕ್ಕನ ಮದುವೆಯ ಕ್ಯಾಸೆಟ್ ತಂದು ಮೇಜಿನ ಮೇಲಿಟ್ಟು, “ಇದ್ರಾಗೆ ಒಂದು ಸೂಪರ್ ಕಾಮಿಡಿ ಐತೆ ರಾಧಾ. ಅದು ಮಿಸ್ ಆಗ್ಬಾರ್ದು” ಎಂದು ಹೇಳಿ ಹೋದ.

ಟೇಪು ಓಡಿತು. ಧಾರೆಯಾಯಿತು, ಆರತಿಯಾಯಿತು. ಊಟದ ಪಂಕ್ತಿ ಶುರುವಾಗುತ್ತಿದ್ದಂತೆ ಕಂಪ್ಯೂಟರಿನಲ್ಲಿ ಚಿತ್ರ ಹರಿದು, ಪರದೆ ನೀಲಿಯಾಗಿ, ಇಳಿಸುವುದು ನಿಂತುಹೋಯಿತು. ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು. ಅದೇ ಜಾಗದಲ್ಲಿ ನಿಂತಿತು. ಕ್ಯಾಸೆಟ್ ಓಡಿಸುವ ಡೆಕ್ ಬಿಚ್ಚಿ, ಟೇಪು ಓದುವ ಹೆಡ್ ಒರೆಸಿದಳು. ಕೇಬಲ್ ಬದಲಾಯಿಸಿದಳು. ಸಾಫ್ಟ್‌ವೇರ್ ತೆಗೆದು ಹೊಸದಾಗಿ ಹಾಕಿದಳು. ಬೇರೆ ಕ್ಯಾಸೆಟ್ ಹಾಕಿದರೆ ಎಲ್ಲ ಸರಿ, ಇದನ್ನು ಹಾಕಿದರೆ ಮತ್ತೆ ನೀಲಿ. ಕೊನೆಗೆ ಕ್ಯಾಸೆಟ್ಟಿನ ಮುಂದಿನ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದಳು. ಬೇರೆ ಕಡೆ ಮಿರಮಿರ ಹೊಳೆಯುವ ಟೇಪು ಅಲ್ಲೊಂದು ಗೇಣು ಮಾತ್ರ ಮಸುಕಾಗಿ, ಉದ್ದಕ್ಕೂ ಗೀರು ಬಿದ್ದಿತ್ತು. ಒಂದೇ ಜಾಗದಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದರೆ ಹೀಗೆ ಆಗುತ್ತದೆ. ನಿಂತ ಟೇಪನ್ನು ಹೆಡ್ ಉಜ್ಜುತ್ತಲೇ ಇರುತ್ತದೆ, ಮೇಲಿನ ಪದರ ಎದ್ದುಹೋಗುತ್ತದೆ.

‘ಮದುಮಗಳ ಮುಖ ಇರಬೇಕು’ ಅಂದುಕೊಂಡಳು ರಾಧಾ. ಅವಳಿಗೆ ಅಪರೂಪಕ್ಕೆ ಆ ಕ್ಯಾಸೆಟ್ಟಿನ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತು. ಮೂಲೆಯಲ್ಲಿದ್ದ ಹಳೆಯ ಡಿವಿಡಿ ರೆಕಾರ್ಡರ್ ತಂದು, ಡೆಕ್ಕಿನ ಚಿತ್ರವನ್ನು ಮೊದಲು ಅದಕ್ಕೆ ಕೊಟ್ಟು, ಅಲ್ಲಿಂದ ಕಂಪ್ಯೂಟರಿಗೆ ಎಳೆದಳು. ತತ್ತರಿಸುವ ಚಿತ್ರವನ್ನು ಆ ಯಂತ್ರ ಹಿಡಿದು ನಿಲ್ಲಿಸುತ್ತದೆ. ಅಷ್ಟರಲ್ಲಿ ಚಿನ್ನರಾಜ್ ಕೂಡ ಬಂದು ಅವಳ ಹಿಂದೆ ನಿಂತ.

ಈ ಸಲ ನೀಲಿ ಬರಲಿಲ್ಲ. ಚಪ್ಪರದ ಕೆಳಗೆ ಹರೆಯದ ಹುಡುಗರ ಗುಂಪು. ನಡುವೆ ಹೊಸ ಪಂಚೆ ಉಟ್ಟ ಒಬ್ಬ ಗಂಡಸು. ಯಾರೋ ಅವನ ಬಾಯಿಗೆ ಮೈಕು ಹಿಡಿದು, ಮದುಮಕ್ಕಳಿಗೆ ಹರಸು ಅನ್ನುತ್ತಿದ್ದರು.

“ಮ... ಮದುಮಕ್ಳು ನೂ... ನೂ... ನೂ...”

ಹುಡುಗರು ಬಿದ್ದು ಬಿದ್ದು ನಕ್ಕರು. ಮೈಕು ಹಿಡಿದವನು ‘ನೂ ನೂ ನೂ’ ಎಂದು ಅಣಕಿಸಿ ಮತ್ತೆ ಮೈಕು ಒಡ್ಡಿದ. ಆ ಮನುಷ್ಯ ಬಿಡಲಿಲ್ಲ, ಕತ್ತಿನ ನರ ಉಬ್ಬಿಸಿ ಮತ್ತೆ ಪ್ರಯತ್ನಿಸಿದ. ಬಾಯಿ ತೆರೆದೇ ನಿಂತಿತು. ಹಿಂದಿನಿಂದ ಒಬ್ಬ ಚೊಂಬು ನೀರನ್ನು ಅವನ ತಲೆಯ ಮೇಲೆ ಸುರಿದ.

ಮೈಕು ಹಿಡಿದವನು ಮೀಸೆ ಚಿಗುರುತ್ತಿದ್ದ ಚಿನ್ನರಾಜ್. ನೀರು ಸುರಿಸಿಕೊಂಡವನು ಸಿದ್ದಪ್ಪ. ದಿನಾ ಬೆಳಿಗ್ಗೆ ಆಡು ಹೊಡೆದುಕೊಂಡು ಹೋಗುವಾಗ ಪಕ್ಕದ ಅಂಗಡಿಯಲ್ಲಿ ಬೆರಳು ಎತ್ತಿ ತೋರಿಸಿ ಟೀ ಕುಡಿಯುವ ಮುದುಕ. ಊರೆಲ್ಲ ಅವನನ್ನು ಮೂಗ ಸಿದ್ದಪ್ಪ ಎನ್ನುತ್ತಿತ್ತು. ರಾಧಾಳೂ ಹಾಗೇ ನಂಬಿದ್ದಳು.

“ಅಣ್ಣಾ, ಇವ್ರು ಮೂಗ್ರಲ್ವಾ?”

“ಎಲ್ಲಿ ಮೂಗ? ತೊದ್ಲ. ಈ ಮದ್ವೆ ಆದ್ಮ್ಯಾಕೆ ಎಲ್ಲೋದ್ರೂ ಹುಡುಗ್ರು ನೂ ನೂ ಅಂತ ಕೂಗೋರು. ಅವ್ನೇ ಮಾತಾಡೋದು ಬಿಟ್ಬುಟ್ಟ. ಅದುಕ್ಕೆ ನಾಮ ಎನ್ನ ಪಣ್ಣ ಮುಡಿಯುಂ, ನಾವೇನ್ ಮಾಡಕ್ಕಾಯ್ತದೆ?” ಚಿನ್ನರಾಜ್ ಕಣ್ಣೊರೆಸಿಕೊಂಡು ನಗುತ್ತಿದ್ದ. “ಬಾಯಿ ತೆರ್ಕಂಡು ನಿಂತವ್ನಲ್ಲ, ಅಲ್ಲೇ ನಿಲ್ಸಿ ನಿಲ್ಸಿ ನೋಡ್ತಿದ್ವಿ. ನೆಂಟರು ಬಂದ್ರೆ ಅವ್ರಿಗೂ ಹಾಕೋದು. ಇದುಕ್ಕೆ ಒಂದು ಮ್ಯೂಸಿಕ್ ಕೊಡು, ಸ್ಲೋ ಮಾಡು.”

ಟೇಪನ್ನು ಸವೆಸಿದ್ದು ಯಾವ ಪ್ರೀತಿಯೂ ಅಲ್ಲ. ವರ್ಷಗಟ್ಟಲೆ ಒಂದು ಮನೆಯವರು ಊಟ ಮಾಡಿ ಕೂತು, ಒಬ್ಬ ಮನುಷ್ಯನ ತೆರೆದ ಬಾಯನ್ನು ನಿಲ್ಲಿಸಿ ನಕ್ಕಿದ್ದು.

“ಇದನ್ನ ನಾನು ಮಾಡಲ್ಲ ಅಣ್ಣಾ. ಮದ್ವೆ ಮಾತ್ರ ಆಕ್ಕೊಡ್ತೀನಿ.”

“ಸುಮ್ಮಾ ತಮಾಷೆ ಕಣಮ್ಮ. ಅವ್ನೇ ಬಂದು ನೋಡುದ್ರೂ ನಗ್ತಾನೆ.”

“ನೀವು ನಗಿ. ನನ್ ಕೈಯಾಗೆ ಆಗಲ್ಲ.”

ಅವನೆದುರೇ ಆ ಭಾಗವನ್ನು ಅಳಿಸಿ, ಉಳಿದದ್ದನ್ನು ಪೆನ್‌ಡ್ರೈವಿಗೆ ಹಾಕಿ, ಕ್ಯಾಸೆಟ್ಟಿನ ಜೊತೆ ಅವನ ಮುಂದೆ ತಳ್ಳಿದಳು. ಚಿನ್ನರಾಜ್ ಜಗಳವಾಡಲಿಲ್ಲ, ನಗುತ್ತಲೇ ಎತ್ತಿಕೊಂಡು ಹೋದ. ಅದು ಅವಳಿಗೆ ಆಗ ವಿಚಿತ್ರವೆನಿಸಿತು.

ಸಮಾರಂಭ ಕಳೆದ ಮೇಲೆ ಮಾರಂಡಹಳ್ಳಿಯಿಂದ ರಾಧಾಳ ಅಕ್ಕ ಅರ್ಚನಾ ಇವಳ ಫೋನಿಗೆ ಒಂದು ತುಣುಕು ಕಳಿಸಿದಳು, ಕೆಳಗೆ ನಗುವ ಮುಖಗಳ ಸಾಲು. ಸಿದ್ದಪ್ಪನ ಬಾಯಿ, ನಿಧಾನವಾಗಿ, ಡೋಲಿನ ಸದ್ದಿನ ಜೊತೆ. ಚಿತ್ರದ ಅಂಚಿನಲ್ಲಿ ಮಾನಿಟರಿನ ಕಪ್ಪು ಚೌಕಟ್ಟು, ಅದರ ಮೇಲೆ ಆಯುಧಪೂಜೆಗೆ ರಾಧಾಳೇ ಇಟ್ಟ ಕುಂಕುಮ. ಅವಳ ಬೆನ್ನ ಹಿಂದೆ ನಿಂತು ಚಿನ್ನರಾಜ್ ಫೋನಿನಲ್ಲಿ ಹಿಡಿದುಕೊಂಡಿದ್ದ. ಚಿತ್ರ ಒಂದಿಷ್ಟೂ ಕದಲುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಅದನ್ನು ಹಿಡಿದು ನಿಲ್ಲಿಸಿದವಳು ಅವಳೇ.

ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

“ಅಯ್ಯೋ ಪಾಪ,” ಎಂದಳು ಅರ್ಚನಾ. ಹಿಂದೆಯೇ, “ಆದ್ರೂ ನೋಡುದ್ರೆ ನಗು ಬತ್ತೈತೆ ಕಣೇ” ಎಂದಳು. ರಾಧಾ ಫೋನ್ ಇಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆ ಟೀ ಅಂಗಡಿಯ ಬೆಂಚಿನ ಮೇಲಿದ್ದ ಒಬ್ಬ ಡ್ರೈವರ್, ಸಿದ್ದಪ್ಪನ ಮುಖದ ಮುಂದೆಯೇ ಫೋನು ಹಿಡಿದಿದ್ದ. ಮುದುಕ ಕೊನೆಯವರೆಗೂ ನೋಡಿದ. ರಾಧಾ ಸ್ಟುಡಿಯೋದಿಂದ ಇಳಿದು ಬಂದು ಆ ಕೈಯನ್ನು ಪಕ್ಕಕ್ಕೆ ತಳ್ಳಿದಳು.

“ತಾತಾ, ಇದು ನನ್ ಅಂಗಡಿಯಿಂದಲೇ ಓಗಿರೋದು. ನಂಗೊತ್ತಿಲ್ದಂಗೆ ಫೋನ್ನಾಗೆ ಇಡ್ಕಂಡವ್ರೆ.”

ಸಿದ್ದಪ್ಪ ಅವಳನ್ನೇ ನೋಡಿದ. ತುಟಿ ಅಲುಗಿತು. “ಬಿ... ಬಿ...”

ಮಾತು ಏನೆಂದು ಅವಳಿಗೆ ತಿಳಿಯಿತು. ಆದರೂ ತಾನು ಮುಗಿಸಲು ಹೋಗದೆ, ಕಣ್ಣು ತೆಗೆಯದೆ ನಿಂತಳು. ಬಸ್ಸೊಂದು ಹಾರನ್ ಹೊಡೆಯುತ್ತಾ ಸ್ಟ್ಯಾಂಡಿನೊಳಗೆ ತಿರುಗಿತು.

“ಬಿಡವ್ವ,” ಎಂದ ಸಿದ್ದಪ್ಪ.

ಬೆಂಚಿನ ಮೇಲಿಂದ ಯಾರೋ ಕಿಸಕ್ಕನೆ ನಕ್ಕರು. ಸಿದ್ದಪ್ಪ ಟೀ ಮುಟ್ಟದೆ ಎದ್ದು ಆಡುಗಳ ಹಿಂದೆ ಹೋದ. ರಾಧಾ ತಿರುಗಿ ಬೆಂಚಿನ ಮೇಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಎಲ್ಲರೂ ಗ್ಲಾಸಿನೊಳಗೆ ಕಣ್ಣಿಟ್ಟಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನರ ಮದುವೆಯ ವಿಡಿಯೋ ಎಡಿಟ್ ಮಾಡಿದವಳು ಅವಳು.

ಅವಳು ಟೀ ಅಂಗಡಿಯ ಚೊಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ, ರಸ್ತೆಯ ಬದಿಯ ಚರಂಡಿಗೆ ಉಗಿದು ಒಳಗೆ ಹೋದಳು.