ಅಲ್ಲಿ ಎತ್ತಬೇಕಾದ ನೂರು

ಆದೋನಿಯ ಹಳೆಯ ಹತ್ತಿ ಗೋದಾಮಿನಲ್ಲಿ ನಮಗೆ ಭಾರ ಎತ್ತುವುದನ್ನು ಕಲಿಸುತ್ತಿದ್ದ ಮಾಸ್ಟರು ಸೀಮೆಸುಣ್ಣವನ್ನು ಕಿವಿಗೆ ಸಿಕ್ಕಿಸಿಕೊಂಡೇ ಇರುತ್ತಿದ್ದರು. ಸ್ಪರ್ಧೆಗೆ ಹನ್ನೆರಡು ವಾರ ಇರುವಾಗ ಗೋಡೆಯ ಮೇಲೆ ಲೆಕ್ಕ ಬರೆಯುವರು: ಮೊದಲು ನಮ್ಮ ಶಕ್ತಿಯ ಎಪ್ಪತ್ತು ಪರ್ಸೆಂಟು, ಆಮೇಲೆ ಎಂಬತ್ತು, ತೊಂಬತ್ತು, ಕೊನೆಯ ವಾರ ವಿಶ್ರಾಂತಿ. ನೂರು ಬರಬೇಕಾದ ಕಡೆ ‘ಅಲ್ಲಿ’ ಎಂದಷ್ಟೇ ಬರೆದು, “ನೂರು ಇಲ್ಲಿ ಎತ್ತೂದಲ್ರಪಾ, ಅಲ್ಲಿ, ಸ್ಪರ್ಧಾದಾಗ” ಅನ್ನುವರು.

ಹೋದ ವರ್ಷ, ಐವತ್ತು ದಾಟಿದ ಮೇಲೆ, ಮೊದಲ ಸಲ ತಮಗೇ ಒಂದು ಲೆಕ್ಕ ಬರೆದುಕೊಂಡರು. ಹನ್ನೊಂದು ವಾರ ಅದನ್ನು ಮೀರಿ ಒಂದು ಕಿಲೋ ಕೂಡ ಎತ್ತಲಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ಮನೆಗೆ ಮರಳುವ ನನಗೆ ಕೊನೆಯ ವಾರ ಸುಮ್ಮನಿರಲಾಗಲಿಲ್ಲ.

“ಮಾಸ್ಟರ್, ಅಲ್ಲಿ ಹೋದಮ್ಯಾಲೆ ಏಳ್ಲಿಲ್ಲಂದ್ರ? ಒಂದ್ಸಲ ಇಲ್ಲೇ ನೋಡ್ರಿ,” ಅಂದೆ.

“ಅಂಜಿಕಿ ತಿಂದೇ ಹೊಟ್ಟಿ ಬೆಳಸೀರಿ ನೀವು, ಅಣ್ಣಾ,” ಎಂದು ನಕ್ಕರು.

ಮರುದಿನವೂ ಕೇಳಿದೆ. ಮೂರನೆಯ ದಿನ ಅವರು ನಗಲಿಲ್ಲ. ಕಬ್ಬಿಣದ ಸರಳಿಗೆ ಪೂರ್ತಿ ನೂರರ ತೂಕ ಹಾಕಿದರು. ಅದು ಮೊಣಕಾಲಿನವರೆಗೆ ಬಂತು. ಆಮೇಲೆ ಕಬ್ಬಿಣ ಬಿದ್ದ ಸದ್ದು, ಪಕ್ಕದಲ್ಲಿ ಸೊಂಟ ಹಿಡಿದುಕೊಂಡು ಮಾಸ್ಟರು.

ಸ್ಪರ್ಧೆಗೆ ಹೋಗಲಾಗಲಿಲ್ಲ. ಮುಂದೆ ಕೆಲವು ತಿಂಗಳು ಕೋಲೂರಿಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು, ಕಿವಿಯಲ್ಲಿ ಸೀಮೆಸುಣ್ಣವಿಲ್ಲದೆ. ಯಾರಾದರೂ, “ಇವತ್ತ ನೂರು ಎತ್ತಲೇನ್ರಿ ಮಾಸ್ಟರ್?” ಎಂದು ಕೇಳಿದರೆ, ಗೋಡೆಯ ಕಡೆ ತಿರುಗದೆ, “ಎತ್ರಿ” ಅನ್ನುವರು.